ಹಳೆಯ ಕಾರಿನ ಇಂಧನ ಪಂಪು: ಘಟ್ಟದಲ್ಲಿ ಗಾಡಿ ನಿಂತರೆ ಮಾಡಬೇಕಾದುದೇನು?

ಪುಣೆಯಿಂದ ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿಗಳ ಮಾರ್ಗವಾಗಿ ಬೆಳಗಾವಿಯನ್ನು ಸೇರುವ ಹೆದ್ದಾರಿಯು ನಮ್ಮ ಜನರ ಪಾಲಿಗೆ ತವರಿನ ದಾರಿ. ಮೇ ತಿಂಗಳಿನ ರಜೆ, ಚೌತಿ, ದೀಪಾವಳಿಗಳು ಬಂದವೆಂದರೆ ಕನ್ನಡಿಗರ ಸಂಸಾರಗಳನ್ನು ಹೊತ್ತ ವಾಹನಗಳು ಈ ದಾರಿಯಲ್ಲಿ ಸಾಲುಗಟ್ಟಿ ದಕ್ಷಿಣಕ್ಕೆ ಸಾಗುತ್ತವೆ. ಅವುಗಳಲ್ಲಿ ಹೊಸ ಕಾರುಗಳೇ ಹೆಚ್ಚು. ಆದರೂ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಮಾರುತಿ 800, ಬೆಳಗಿನ ಜಾವ ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ಹೋಟೆಲಿಗೆ ತರಕಾರಿ ಹೊರುವ ಓಮ್ನಿ, ಅಪರೂಪಕ್ಕೊಂದು ಪ್ರೀಮಿಯರ್ ಪದ್ಮಿನಿ ಇಂದಿಗೂ ಕಣ್ಣಿಗೆ ಬೀಳುವುದುಂಟು. ಗುಮಾಸ್ತೆಯ ಸಂಬಳದಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ಊರಿಗೆ ಕಳುಹಿಸುವ ಹಣ ಇವೆಲ್ಲ ಕಳೆದು ಉಳಿದುದರಲ್ಲಿ ಕೊಂಡ ಗಾಡಿ ಅದು; ಅಥವಾ ಮಾಲೀಕರು ಹೊಸತನ್ನು ಕೊಂಡಾಗ ಹಳೆಯ ನೌಕರನಿಗೆ ಅಲ್ಪ ಬೆಲೆಗೆ ಬಿಟ್ಟುಕೊಟ್ಟುದು. ಅದನ್ನು ಬಿಡಲು ಮನಸ್ಸಿಲ್ಲ; ಬಿಟ್ಟರೆ ಮತ್ತೊಂದನ್ನು ಕೊಳ್ಳುವ ಶಕ್ತಿಯೂ ಇಲ್ಲ.

ಇಂತಹ ಗಾಡಿಯು ಊರೊಳಗೆ ಕೆಟ್ಟು ನಿಂತರೆ ನಾಲ್ಕು ಜನ ಕೈಗೂಡಿಸಿ ತಳ್ಳುತ್ತಾರೆ. ಕಾತ್ರಜ್ ಘಟ್ಟದಲ್ಲಿಯೋ ಖಂಬಾಟಕಿ ಘಟ್ಟದಲ್ಲಿಯೋ ನಿಂತರೆ ಮಾತು ಬೇರೆ. ಎಂಜಿನು ನಾಲ್ಕಾರು ಸಲ ಕೆಮ್ಮಿ, ಮುಗ್ಗರಿಸಿ, ಸುಮ್ಮನಾಗುತ್ತದೆ. ಹಿಂದಿನ ಆಸನದಲ್ಲಿ ಹೆಂಡತಿ, ಮಕ್ಕಳು, ವೃದ್ಧೆ ತಾಯಿ. ಬೆನ್ನ ಹಿಂದೆ ಭೋರ್ಗರೆಯುವ ಲಾರಿಗಳು. ಹೀಗೆ ನಿಲ್ಲುವ ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಅಪರಾಧಿಯಾಗುವುದು ಅಂಗೈಯಗಲದ ಒಂದು ಉಪಕರಣ: ಇಂಧನ ಪಂಪು. ಅದನ್ನು ಕುರಿತು ಸ್ವಲ್ಪ ತಿಳಿದಿರುವುದು ಜೇಬಿಗೂ ಪ್ರಾಣಕ್ಕೂ ಹಿತಕರವೆಂದು ನಾವು ಭಾವಿಸುತ್ತೇವೆ.

ಹೆಸರಿನ ಗೊಂದಲ

ಮೊದಲು ಹೆಸರಿನ ವಿಚಾರ. ಈ ಪ್ರಾಂತದಲ್ಲಿ ‘ಪೆಟ್ರೋಲ್ ಪಂಪ್’ ಎಂದರೆ ಪೆಟ್ರೋಲು ಮಾರುವ ಬಂಕು. ಕಾರಿನೊಳಗಿನ ಪಂಪನ್ನು ಮೇಸ್ತ್ರಿಗಳು ‘ಫ್ಯುಯೆಲ್ ಪಂಪ್’ ಎನ್ನುತ್ತಾರೆ. ಹಳಬರು ಇನ್ನೂ ‘ಎ.ಸಿ. ಪಂಪ್’ ಎನ್ನುವುದುಂಟು. ತಂಪುಗಾಳಿಯ ಯಂತ್ರಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಅದು ಇಂತಹ ಪಂಪುಗಳನ್ನು ತಯಾರಿಸುತ್ತಿದ್ದ ಒಂದು ವಿದೇಶೀ ಕಂಪನಿಯ ಗುರುತು. ತನ್ನ ಕಾರಿನಲ್ಲಿ ಎ.ಸಿ.ಯೇ ಇಲ್ಲದಿರುವಾಗ ಅದರ ಪಂಪು ಕೆಟ್ಟಿತೆಂದು ಹೇಳುತ್ತಾರಲ್ಲಾ ಎಂದು ಜಗಳಕ್ಕೆ ನಿಲ್ಲುವ ಮುನ್ನ ವಾಚಕರು ಇದನ್ನು ನೆನಪಿಡುವುದು ಒಳ್ಳೆಯದು.

ಸ್ಟವ್ವಿನ ವಾಷರೂ ಕಾರಿನ ಪಟಲವೂ

ಸೀಮೆಎಣ್ಣೆಯ ಪಂಪ್ ಸ್ಟವ್ವನ್ನು ಬಳಸಿದ ಹಿರಿಯರಿಗೆ ಈ ಯಂತ್ರವನ್ನು ವಿವರಿಸುವುದು ಕಷ್ಟವಲ್ಲ. ಸ್ಟವ್ವಿನ ಪಂಪಿನಲ್ಲಿ ಒಂದು ಚರ್ಮದ ವಾಷರು ಇರುತ್ತಿತ್ತು. ಅದು ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಏರುತ್ತಿರಲಿಲ್ಲ, ಜ್ವಾಲೆ ನಿಲ್ಲುತ್ತಿರಲಿಲ್ಲ. ಕಾರಿನ ಪಂಪಿನಲ್ಲಿ ಆ ವಾಷರಿನ ಸ್ಥಾನವನ್ನು ತೆಳ್ಳನೆಯ ಒಂದು ರಬ್ಬರಿನ ಪಟಲವು ವಹಿಸುತ್ತದೆ. ಮೇಸ್ತ್ರಿಗಳ ಭಾಷೆಯಲ್ಲಿ ಇದಕ್ಕೆ ಡಯಾಫ್ರಾಮ್ ಎಂದು ಹೆಸರು.

ಹಳೆಯ ಕಾರಿನಲ್ಲಿ ಪೆಟ್ರೋಲಿನ ಟಾಂಕಿ ಹಿಂದೆ, ತಗ್ಗಿನಲ್ಲಿ. ಕಾರ್ಬ್ಯುರೇಟರು ಎತ್ತರದಲ್ಲಿ, ಎಂಜಿನಿನ ಮೇಲೆ. ನೀರು ತಾನಾಗಿ ಮೇಲಕ್ಕೆ ಹರಿಯದಂತೆ ಪೆಟ್ರೋಲೂ ಹರಿಯದು. ಆದುದರಿಂದ ಎಂಜಿನಿನ ಪಕ್ಕಕ್ಕೆ ಪಂಪನ್ನು ಬಿಗಿದಿರುತ್ತಾರೆ. ಎಂಜಿನು ತಿರುಗಿದಂತೆ ಅದರೊಳಗಿನ ಕ್ಯಾಮ್ ದಂಡವು ಪಂಪಿನ ಒಂದು ಸನ್ನೆಯನ್ನು ತಟ್ಟುತ್ತದೆ. ಸನ್ನೆಯು ಪಟಲವನ್ನು ಕೆಳಕ್ಕೆ ಸೆಳೆಯುತ್ತದೆ. ಆಗ ಒಳಬರುವ ಕವಾಟವು ತೆರೆದು ಟಾಂಕಿಯ ಪೆಟ್ರೋಲು ಪಂಪಿನೊಳಕ್ಕೆ ಹೀರಲ್ಪಡುತ್ತದೆ. ಸನ್ನೆಯು ಬಿಟ್ಟೊಡನೆ ಕೆಳಗಿನ ಸ್ಪ್ರಿಂಗು ಪಟಲವನ್ನು ಮೇಲಕ್ಕೆ ಒತ್ತುತ್ತದೆ. ಒಳಬರುವ ಕವಾಟ ಮುಚ್ಚಿ, ಹೊರಹೋಗುವ ಕವಾಟ ತೆರೆದು, ಪೆಟ್ರೋಲು ಕಾರ್ಬ್ಯುರೇಟರಿಗೆ ಸೇರುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ತುಂಬಿದರೆ ಅಲ್ಲಿನ ಸೂಜಿಕವಾಟವು ದಾರಿಯನ್ನು ಮುಚ್ಚುತ್ತದೆ. ಆಗ ಪಟಲವು ಕೆಳಗೇ ನಿಂತು, ಸನ್ನೆಯು ಬರಿದೆ ಆಡುತ್ತದೆ. ಬೇಕಾದಾಗ ಬೇಕಾದಷ್ಟೇ ಕೊಡುವ ಈ ಏರ್ಪಾಡಿನ ಸರಳತೆ ಮೆಚ್ಚತಕ್ಕದ್ದೇ ಸರಿ. ಇದರ ಒತ್ತಡವೂ ಹೆಚ್ಚಿನದಲ್ಲ. ಚದರ ಅಂಗುಲಕ್ಕೆ ಸುಮಾರು 2ರಿಂದ 4 ಪೌಂಡು ಮಾತ್ರ.

ಪದ್ಮಿನಿಯಲ್ಲಿಯೂ, ಕಾರ್ಬ್ಯುರೇಟರಿದ್ದ ಕಾಲದ ಮಾರುತಿ 800 ಹಾಗೂ ಓಮ್ನಿಗಳಲ್ಲಿಯೂ ಇರುವುದು ಇದೇ ಜಾತಿಯ ಪಂಪು. ಓಮ್ನಿಯಲ್ಲಿ ಒಂದು ವಿಶೇಷವುಂಟು: ಅದರ ಎಂಜಿನು ಮುಂದಿನ ಆಸನಗಳ ಕೆಳಗಿದೆ. ಆದಕಾರಣ ಅಲ್ಲಿ ಪೆಟ್ರೋಲು ಜಿನುಗಿದರೆ ಅದು ಚಾಲಕನ ಆಸನದಡಿಯಲ್ಲೇ ಜಿನುಗಿದಂತೆ. ಓಮ್ನಿಯನ್ನು ಓಡಿಸುವ ನಮ್ಮ ಹೋಟೆಲ್ ಬಂಧುಗಳು ಪೆಟ್ರೋಲಿನ ವಾಸನೆಯನ್ನು ಎಂದೂ ಅಲಕ್ಷಿಸಬಾರದು.

ವಿಶ್ವೇಶ್ವರಯ್ಯನವರ ನಂಟು

ಈ ಕಾರುಗಳ ಕಥೆಯಲ್ಲಿ ಕನ್ನಡಿಗರ ಪಾಲೂ ಇದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಂಡು, ಭಾರತದಲ್ಲಿಯೇ ಕಾರುಗಳನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಆ ವಿಚಾರವನ್ನು ಕೈಗೆತ್ತಿಕೊಂಡವರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯಮಿ ವಾಲ್ಚಂದ್ ಹೀರಾಚಂದರು ಮುಖ್ಯರು. 1944ರಲ್ಲಿ ಅವರ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಸ್ಥಾಪನೆಯಾಯಿತು. ಮುಂಬಯಿಯ ಕುರ್ಲಾದ ಅದರ ಕಾರ್ಖಾನೆಯಿಂದ ಫಿಯೆಟ್ 1100 ಕಾರುಗಳು ಹೊರಬಂದವು. 1970ರ ದಶಕದಲ್ಲಿ ಅದೇ ಗಾಡಿಯು ಪ್ರೀಮಿಯರ್ ಪದ್ಮಿನಿ ಎಂಬ ಹೆಸರನ್ನು ಪಡೆಯಿತು. ಹತ್ತಾರು ವರ್ಷ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ ಎಂದರೆ ಅದೇ ಆಗಿತ್ತು. ಅಂತಹ ಕೊನೆಯ ಟ್ಯಾಕ್ಸಿಯು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತಿ ಹೊಂದಿತು. ಮಾರುತಿ 800ರ ತಯಾರಿಕೆಯೂ 1983ರಲ್ಲಿ ಮೊದಲಾಗಿ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಗಾಡಿಗಳ ತಯಾರಿಕೆ ನಿಂತಿದೆ. ಅವುಗಳನ್ನು ನಂಬಿದ ಸಂಸಾರಗಳ ಪ್ರಯಾಣ ನಿಂತಿಲ್ಲ.

ಕೆಡುವ ಬಗೆ, ಕಾಣುವ ಲಕ್ಷಣ

ಪಂಪು ಕೆಡುವುದು ಮುಖ್ಯವಾಗಿ ನಾಲ್ಕು ಬಗೆಯಲ್ಲಿ. ಮೊದಲನೆಯದು, ಪಟಲವು ಹರಿಯುವುದು ಅಥವಾ ಗಡುಸಾಗುವುದು. ಎರಡನೆಯದು, ಕವಾಟಗಳಲ್ಲಿ ಕಸ ಸಿಕ್ಕಿ ಅವು ಸರಿಯಾಗಿ ಮುಚ್ಚದಿರುವುದು. ಮೂರನೆಯದು, ಸನ್ನೆ ಸವೆದು ಪಟಲವನ್ನು ಸಾಕಷ್ಟು ಎಳೆಯದಿರುವುದು. ನಾಲ್ಕನೆಯದು, ಸ್ಪ್ರಿಂಗು ಬಲಗುಂದುವುದು.

ಲಕ್ಷಣಗಳೂ ಸಾಮಾನ್ಯವಾಗಿ ಕ್ರಮವಾಗಿಯೇ ತೋರುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಏರಿನಲ್ಲಿ, ಹೆಚ್ಚು ಪೆಟ್ರೋಲು ಬೇಕಾದಾಗ, ಉಸಿರುಗಟ್ಟಿದಂತೆ ಮುಗ್ಗರಿಸುತ್ತದೆ. ಬಲಗುಂದಿದ ಪಂಪಿನ ಮೊದಲ ಸುಳಿವು ಇದು. ಎರಡು ದಿನ ನಿಲ್ಲಿಸಿದ ಗಾಡಿ ಬೆಳಗ್ಗೆ ಬಹಳ ಹೊತ್ತು ಸ್ಟಾರ್ಟರು ತಿರುಗಿಸಿದ ಮೇಲೆಯೇ ಎಚ್ಚರಗೊಳ್ಳುವುದು ಎರಡನೆಯ ಸುಳಿವು. ಕವಾಟವು ಸೋರಿ, ಕೊಳವೆಯ ಪೆಟ್ರೋಲೆಲ್ಲ ಟಾಂಕಿಗೆ ಮರಳಿದೆಯೆಂದು ಇದರ ಅರ್ಥವಿರಬಹುದು. ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಪೆಟ್ರೋಲು ತೊಟ್ಟಿಕ್ಕುವುದು ಮೂರನೆಯದು. ಪಟಲವು ಹರಿಯಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇವೆಲ್ಲಕ್ಕಿಂತ ಘೋರವಾದ ಲಕ್ಷಣವು ಹೊರಗೆ ಕಾಣಿಸುವುದೇ ಇಲ್ಲ. ಹರಿದ ಪಟಲದ ಮೂಲಕ ಪೆಟ್ರೋಲು ಎಂಜಿನಿನ ಎಣ್ಣೆಯ ತೊಟ್ಟಿಗೆ ಇಳಿಯಬಹುದು. ಆಗ ಎಣ್ಣೆಯ ಅಳತೆಕಡ್ಡಿಯಲ್ಲಿ ಮಟ್ಟವು ಕಡಿಮೆಯಾಗುವ ಬದಲು ಏರಿರುತ್ತದೆ, ಮೂಸಿದರೆ ಪೆಟ್ರೋಲಿನ ವಾಸನೆ ಬಡಿಯುತ್ತದೆ. ಎಣ್ಣೆ ಹೆಚ್ಚಾಗಿದೆಯಲ್ಲ ಎಂದು ಸಂತೋಷಪಡತಕ್ಕ ಪ್ರಸಂಗ ಇದಲ್ಲ. ತೆಳುವಾದ ಎಣ್ಣೆಯು ಬೇರಿಂಗುಗಳನ್ನು ಕಾಯಲಾರದು. ತೊಟ್ಟಿಯಲ್ಲಿ ತುಂಬಿದ ಆವಿಯು ಹೊತ್ತಿಕೊಳ್ಳಲೂಬಹುದು. ಅಂತಹ ಗಾಡಿಯನ್ನು ಒಂದು ಮೈಲಿಯೂ ಓಡಿಸಕೂಡದು. ಪಂಪನ್ನು ಸರಿಪಡಿಸಿ, ಎಣ್ಣೆಯನ್ನೆಲ್ಲ ಬದಲಿಸಿದ ಮೇಲೆಯೇ ಅದನ್ನು ಚಾಲೂ ಮಾಡಬೇಕು.

ಮೊದಲು ಜೀವ, ಆಮೇಲೆ ಗಾಡಿ

ಘಟ್ಟದಲ್ಲಿ ಎಂಜಿನು ನಿಲ್ಲುವ ಸೂಚನೆ ಕಂಡೊಡನೆ, ಇನ್ನೂ ಓಟವಿರುವಾಗಲೇ ಗಾಡಿಯನ್ನು ಎಡಗಡೆಗೆ, ರಸ್ತೆಯ ಅಂಚಿನಾಚೆಗೆ ತರಬೇಕು. ಹ್ಯಾಂಡ್‌ಬ್ರೇಕು ಎಳೆದು, ಗೇರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಡಬೇಕು. ಎಚ್ಚರಿಕೆಯ ದೀಪಗಳನ್ನು ಹಾಕಿ, ಕೆಂಪು ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿ, ತಿರುವಿದ್ದರೆ ತಿರುವಿನ ಆಚೆಗೇ, ಇಡಬೇಕು. ಮಕ್ಕಳು ಮುದುಕರನ್ನೆಲ್ಲ ಇಳಿಸಿ ತಡೆಗಂಬಿಯ ಆಚೆಗೆ ಕೂಡಿಸಬೇಕು. ಯಾರೂ ಗಾಡಿಯ ಹಿಂದೆ ನಿಲ್ಲಕೂಡದು.

ಊರಿನಿಂದ ಹಿಂತಿರುಗುವಾಗ ಹೊಸ ಕಾತ್ರಜ್ ಸುರಂಗವನ್ನು ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ಇಳಿಜಾರನ್ನು ಪುಣೆಯವರೆಲ್ಲ ಬಲ್ಲರು. 2022ರ ನವೆಂಬರಿನಲ್ಲಿ ಅಲ್ಲಿ ಹತೋಟಿ ತಪ್ಪಿದ ಒಂದೇ ಲಾರಿಯ ದೆಸೆಯಿಂದ ಹಲವು ಹತ್ತು ವಾಹನಗಳು ಜಖಂಗೊಂಡವು. ಅಂತಹ ಸ್ಥಳದಲ್ಲಿ ಗಾಡಿ ನಿಂತರೆ ಬಾನೆಟ್ಟು ತೆರೆದು ಒಳಗೆ ತಲೆಹಾಕುವುದು ಸಾಹಸವಲ್ಲ, ಅವಿವೇಕ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಪ್ರಾಣಾಪಾಯವಿದ್ದರೆ 112. ಈ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡಿದ್ದರೆ ನಷ್ಟವೇನೂ ಇಲ್ಲ.

ಪಂಪಿನದೋ, ಬಿಸಿಲಿನದೋ?

ಸುರಕ್ಷಿತವಾಗಿ ನಿಂತ ಮೇಲೆ ದೋಷವನ್ನು ಹುಡುಕಬಹುದು. ಇಲ್ಲಿ ಅವಸರ ಕೂಡದು. ಪಂಪು ಎಷ್ಟೋ ಸಲ ಇತರರ ಅಪರಾಧಕ್ಕೆ ತಾನು ಶಿಕ್ಷೆ ಅನುಭವಿಸುತ್ತದೆ.

ಟಾಂಕಿಯಲ್ಲಿ ಪೆಟ್ರೋಲು ನಿಜವಾಗಿಯೂ ಉಂಟೇ ಎಂಬುದನ್ನು ಮೊದಲು ನೋಡಬೇಕು. ಹಳೆಯ ಕಾರಿನ ಮುಳ್ಳು ಸುಳ್ಳು ಹೇಳುವುದರಲ್ಲಿ ನಿಸ್ಸೀಮ. ಟಾಂಕಿಯ ಮುಚ್ಚಳವನ್ನು ತೆರೆಯುವಾಗ ‘ಸುಯ್’ ಎಂದು ಗಾಳಿ ಒಳನುಗ್ಗಿದರೆ, ಗಾಳಿಯಾಡುವ ರಂಧ್ರವು ಕಟ್ಟಿ, ಟಾಂಕಿಯಲ್ಲಿ ನಿರ್ವಾತವುಂಟಾಗಿ ಪೆಟ್ರೋಲು ಬಾರದಿರಬಹುದು. ಮುಚ್ಚಳವನ್ನು ಸಡಿಲಿಸಿದ ಮೇಲೆ ಗಾಡಿ ಹೊರಟರೆ ಪಂಪು ನಿರಪರಾಧಿ.

ಬಳಿಕ ಬಿಸಿಲಿನ ವಿಚಾರ. ಪೆಟ್ರೋಲಿನಲ್ಲಿ ಬೇಗನೆ ಆವಿಯಾಗುವ ಅಂಶಗಳಿವೆ. ಮೇ ತಿಂಗಳಿನ ಮಧ್ಯಾಹ್ನ, ಲಾರಿಗಳ ಹಿಂದೆ ಮೊದಲನೆಯ ಗೇರಿನಲ್ಲಿ ಏರು ಹತ್ತುವಾಗ, ಎಂಜಿನಿನ ಮಗ್ಗುಲಲ್ಲೇ ಹಾದ ಕೊಳವೆಯಲ್ಲಿ ಪೆಟ್ರೋಲು ಕುದಿಯತೊಡಗುತ್ತದೆ. ಪಂಪು ದ್ರವವನ್ನು ಎಳೆಯಬಲ್ಲುದೇ ಹೊರತು ಆವಿಯ ಗುಳ್ಳೆಯ ಮುಂದೆ ಅದರ ಆಟ ನಡೆಯದು. ಇದಕ್ಕೆ ‘ವೇಪರ್ ಲಾಕ್’ ಎಂದು ಹೆಸರು. ಬಾನೆಟ್ಟನ್ನು ತೆರೆದಿಟ್ಟು ಅರ್ಧ ಗಂಟೆ ಆರಲು ಬಿಡಿರಿ. ಪಂಪಿನ ಮೇಲೂ ಕೊಳವೆಯ ಮೇಲೂ ಒದ್ದೆ ಬಟ್ಟೆಯನ್ನು ಹೊದಿಸಿರಿ. ಗಾಡಿ ಹೊರಟು ಸರಿಯಾಗಿ ಓಡಿದರೆ ಅದು ಬಿಸಿಲಿನ ಆಟ. ಆದರೆ ಕಾದಾಗ ಕೆಟ್ಟು ಆರಿದಾಗ ಸರಿಯಾಗುವ ಗುಣವು ಕಿಡಿಯನ್ನು ಒದಗಿಸುವ ಇಗ್ನಿಷನ್ ಕಾಯಿಲಿಗೂ ಉಂಟು. ಕಿಡಿಯನ್ನು ಪರೀಕ್ಷಿಸುವುದಾದರೆ ಪೆಟ್ರೋಲಿನ ಕೊಳವೆಯನ್ನು ಬಿಚ್ಚುವ ಮೊದಲೇ ಪರೀಕ್ಷಿಸಬೇಕು. ಬಿಚ್ಚಿದ ಮೇಲೆ ಎಂದಿಗೂ ಅಲ್ಲ.

ಕೊನೆಯದು ಪಂಪಿನ ನೇರ ಪರೀಕ್ಷೆ. ಇದು ಕಾರ್ಬ್ಯುರೇಟರಿನ ಗಾಡಿಗೆ ಮಾತ್ರ. ಎಂಜಿನು ಆರಿರಬೇಕು; ಕಾಯಿಲಿನ ತಂತಿಯನ್ನು ಕಳಚಿ ಕಿಡಿ ಬಾರದಂತೆ ಮಾಡಿರಬೇಕು; ಸುತ್ತಮುತ್ತ ಬೀಡಿ ಸಿಗರೇಟು ಇರಕೂಡದು. ಕಾರ್ಬ್ಯುರೇಟರಿನ ಬಳಿ ಕೊಳವೆಯನ್ನು ಬಿಚ್ಚಿ, ತುದಿಯನ್ನು ಒಂದು ಬಾಟಲಿಯಲ್ಲಿ ಇಳಿಸಿ, ಇನ್ನೊಬ್ಬರಿಂದ ಸ್ಟಾರ್ಟರನ್ನು ಕೆಲವು ಕ್ಷಣ ತಿರುಗಿಸಬೇಕು. ಪೆಟ್ರೋಲು ಚಿಮ್ಮಿ ಚಿಮ್ಮಿ ಬಂದರೆ ಪಂಪು ಆರೋಗ್ಯವಾಗಿದೆ. ರೋಗವು ಕಾರ್ಬ್ಯುರೇಟರಿನಲ್ಲಿಯೋ ಬೇರೆಲ್ಲಿಯೋ ಇದೆ. ಏನೂ ಬಾರದಿದ್ದರೂ ಪಂಪಿಗೆ ಮರಣಪತ್ರ ಬರೆಯಬೇಡಿರಿ. ಫಿಲ್ಟರು ಕಟ್ಟಿರಬಹುದು, ಪಂಪಿನ ಮುಚ್ಚಳದಡಿಯ ಜಾಲರಿಯಲ್ಲಿ ಕೆಸರು ತುಂಬಿರಬಹುದು, ಟಾಂಕಿಯಿಂದ ಪಂಪಿಗೆ ಬರುವ ರಬ್ಬರು ಕೊಳವೆ ಬಿರುಕು ಬಿಟ್ಟಿರಬಹುದು. ಈ ಬಿರುಕು ಮಹಾ ಮೋಸಗಾರ: ಹೀರುವ ಕಡೆಯದಾದ್ದರಿಂದ ಅಲ್ಲಿ ಪೆಟ್ರೋಲು ಸೋರಿ ಕಾಣಿಸದೆ, ಗಾಳಿ ಮಾತ್ರ ಒಳಸೇರುವುದುಂಟು. ನಾಲ್ಕು ಅಂಗುಲ ಹೊಸ ಕೊಳವೆಯಿಂದ ಮುಗಿಯುವ ಕೆಲಸಕ್ಕೆ ಹೊಸ ಪಂಪನ್ನೇ ಕೊಂಡವರು ಇಲ್ಲದಿಲ್ಲ.

ಮಾಡಬಾರದ ಉಪಾಯಗಳು

ನಡುದಾರಿಯಲ್ಲಿ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಅವುಗಳಲ್ಲಿ ಎರಡನ್ನು ಖಂಡಿತವಾಗಿ ತಿರಸ್ಕರಿಸಬೇಕು.

ಒಂದು, ಪೆಟ್ರೋಲಿನ ಡಬ್ಬಿಯನ್ನು ಬಾನೆಟ್ಟಿನ ಬಳಿಯೋ ಟಾಪಿನ ಮೇಲೋ ಕಟ್ಟಿ, ರಬ್ಬರು ಕೊಳವೆಯಿಂದ ನೇರವಾಗಿ ಕಾರ್ಬ್ಯುರೇಟರಿಗೆ ಇಳಿಬಿಡುವ ಉಪಾಯ. ಇದರಿಂದ ಗಾಡಿ ಓಡುತ್ತದೆ ಎಂಬುದು ನಿಜ. ಅದೇ ಇದರ ಅಪಾಯ. ಕಾದ ಎಂಜಿನಿನ ಮೇಲೆ ಕೊಳವೆ ಕಳಚಿದರೆ, ಡಬ್ಬಿ ಉರುಳಿದರೆ, ಗಾಡಿಯು ಕ್ಷಣಾರ್ಧದಲ್ಲಿ ಚಿತೆಯಾದೀತು. ಸಂಸಾರವನ್ನು ಕೂಡಿಸಿಕೊಂಡು ಇಂತಹ ಪ್ರಯೋಗಕ್ಕೆ ಕೈಹಾಕಬಾರದು. ಟೋವಿಂಗ್ ಗಾಡಿಯ ಬಾಡಿಗೆ ಎಷ್ಟಾದರೂ ಆಸ್ಪತ್ರೆಯ ಬಿಲ್ಲಿಗಿಂತ ಕಡಿಮೆಯೇ.

ಎರಡು, ಬಾಯಿಯಿಂದ ಪೆಟ್ರೋಲನ್ನು ಹೀರುವುದು. ಒಂದು ಗುಟುಕು ಅಕಸ್ಮಾತ್ತಾಗಿ ಶ್ವಾಸಕೋಶವನ್ನು ಸೇರಿದರೆ ಸಾಕು, ತೀವ್ರವಾದ ಉರಿಯೂತವುಂಟಾಗಿ ಪ್ರಾಣಕ್ಕೇ ಸಂಚಕಾರ ಬರಬಹುದು. ಹಾಗೇನಾದರೂ ಆದಲ್ಲಿ ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ಟಾಂಕಿಯೊಳಗಿನ ಪಂಪು

ಈಗಿನ ಹಳೆಯ ಕಾರುಗಳಲ್ಲಿ ಹಲವು ಕಾರ್ಬ್ಯುರೇಟರಿನವಲ್ಲ. 2000ದ ಈಚಿನ ಮಾರುತಿ, 1998ರಲ್ಲಿ ಬಂದ ಸ್ಯಾಂಟ್ರೊ ಮೊದಲಾದವುಗಳಲ್ಲಿ ಇಂಜೆಕ್ಷನ್ ವ್ಯವಸ್ಥೆಯುಂಟು. ಪಂಪು ವಿದ್ಯುತ್ತಿನಿಂದ ನಡೆಯುವಂಥದು. ಅದು ಪೆಟ್ರೋಲು ಟಾಂಕಿಯೊಳಗೇ ಮುಳುಗಿರುತ್ತದೆ. ಕೀಲಿಯನ್ನು ತಿರುಗಿಸಿದಾಗ ಹಿಂದಿನ ಆಸನದ ಕಡೆಯಿಂದ ಎರಡು ಕ್ಷಣ ‘ಗುಂಯ್’ ಎಂಬ ಸದ್ದು ಕೇಳಿಸುತ್ತದಲ್ಲ, ಅದು ಈ ಪಂಪಿನದೇ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸನ್ನೂ ರಿಲೇಯನ್ನೂ ನೋಡತಕ್ಕದ್ದು. ಕೆಲವು ಕಾರುಗಳಲ್ಲಿ ಡಿಕ್ಕಿಯ ಆಘಾತಕ್ಕೆ ಪಂಪನ್ನು ನಿಲ್ಲಿಸುವ ಸ್ವಿಚ್ಚು ಇರುತ್ತದೆ. ದೊಡ್ಡ ಗುಂಡಿಯಲ್ಲಿ ಬಿದ್ದಾಗ ಅದು ತಾನಾಗಿ ಜಿಗಿದಿರಲೂಬಹುದು.

ಇಲ್ಲಿ ಒತ್ತಡವು ಚದರ ಅಂಗುಲಕ್ಕೆ 40 ಪೌಂಡಿನ ಆಸುಪಾಸಿನದು. ಆದುದರಿಂದ ಮೇಲೆ ಹೇಳಿದ ಬಾಟಲಿಯ ಪರೀಕ್ಷೆ ಇದಕ್ಕೆ ಸಲ್ಲದು. ಕೊಳವೆಯನ್ನು ಬಿಚ್ಚಿದರೆ ಪೆಟ್ರೋಲು ಮುಖಕ್ಕೇ ಚಿಮ್ಮೀತು. ಇದು ತಿಳಿದವರ ಕೆಲಸ. ಮಾಲೀಕನ ಕೈಲಿರುವುದು ಒಂದೇ: ಟಾಂಕಿಯನ್ನು ಸದಾ ತಳಮುಟ್ಟಿಸದಿರುವುದು. ಸುತ್ತಲಿನ ಪೆಟ್ರೋಲೇ ಈ ಪಂಪನ್ನು ತಂಪಾಗಿಡುತ್ತದೆ. ತಿಂಗಳ ಕೊನೆಯಲ್ಲಿ ನೂರು ರೂಪಾಯಿ, ಇನ್ನೂರು ರೂಪಾಯಿಯಂತೆ ಹಾಕಿಸುತ್ತ ‘ರಿಸರ್ವ್’ನಲ್ಲಿಯೇ ಓಡಿಸುವುದು ನಮ್ಮಂಥವರ ಅನಿವಾರ್ಯತೆಯೇ ಇರಬಹುದು, ಆದರೆ ಪಂಪಿನ ಆಯುಷ್ಯ ಅದರಿಂದ ಕಡಿಮೆಯಾಗುತ್ತದೆ. ಕಾಲು ಟಾಂಕಿಯಾದರೂ ಉಳಿಸಿಕೊಂಡರೆ ಹಣ ಉಳಿದಂತೆಯೇ.

ಕಬ್ಬಿನ ಸಾರ ಪೆಟ್ರೋಲಿನಲ್ಲಿ

ಈಚಿನ ವರ್ಷಗಳಲ್ಲಿ ಹೊಸದೊಂದು ಪ್ರಶ್ನೆ ಎದ್ದಿದೆ. ಪೆಟ್ರೋಲಿಗೆ ಎಥನಾಲ್ ಎಂಬ ಮದ್ಯಸಾರವನ್ನು ಬೆರೆಸುವ ಪ್ರಮಾಣವು ದೇಶದಲ್ಲಿ 2022ರಲ್ಲಿ ಶೇಕಡಾ 10ಕ್ಕೆ ಮುಟ್ಟಿತು. ಶೇಕಡಾ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದೇ ಎಲ್ಲೆಡೆ ಸಾಮಾನ್ಯವಾಯಿತು. ಸಾತಾರಾ, ಕೊಲ್ಹಾಪುರ, ಬೆಳಗಾವಿಯ ಸುತ್ತಿನ ಕಬ್ಬಿನ ಗದ್ದೆಗಳನ್ನು ದಾಟಿ ಊರಿಗೆ ಹೋಗುವ ನಾವು ಆ ಕಬ್ಬಿನ ಸಾರವನ್ನೇ ಟಾಂಕಿಯಲ್ಲಿ ಹೊತ್ತೊಯ್ಯುತ್ತಿರಲೂಬಹುದು. ರೈತನಿಗೂ ದೇಶದ ವಿದೇಶೀ ವಿನಿಮಯಕ್ಕೂ ಇದರಿಂದ ಪ್ರಯೋಜನವುಂಟೆಂಬುದು ಸರಕಾರದ ವಾದ.

ಆದರೆ ಮೂವತ್ತು ವರ್ಷದ ಹಿಂದಿನ ರಬ್ಬರಿಗೆ ಈ ಸಾರದ ಪರಿಚಯವಿರಲಿಲ್ಲ. ಹಳೆಯ ಜಾತಿಯ ರಬ್ಬರು ಎಥನಾಲಿನಲ್ಲಿ ಉಬ್ಬಿ, ಮೆತ್ತಗಾಗಿ, ಬಿರುಕು ಬಿಡುತ್ತದೆ. ಪಂಪಿನ ಪಟಲ, ಕೊಳವೆ, ಗ್ಯಾಸ್ಕೆಟ್ಟುಗಳಿಗೆ ಪೆಟ್ಟು ಬೀಳುವುದು ಇಲ್ಲಿಯೇ. ಎಥನಾಲು ನೀರನ್ನು ಹೀರುವ ಗುಣದ್ದು. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟಾಂಕಿಯಲ್ಲಿ ನೀರು ಸೇರಿ ತುಕ್ಕು ಹಿಡಿಯಬಹುದು. ಟಾಂಕಿಯ ಹಳೆಯ ಜಿಡ್ಡನ್ನು ಅದು ಕರಗಿಸಿ ಸಡಿಲಿಸುವುದರಿಂದ ಫಿಲ್ಟರು ಕಟ್ಟುವುದೂ ಉಂಟು. ಕೆಲವು ಹಳೆಯ ವಾಹನಗಳಲ್ಲಿ ಇಪ್ಪತ್ತು ಮೂವತ್ತು ಸಾವಿರ ಕಿಲೋಮೀಟರು ಓಡಿದ ಬಳಿಕ ಕೆಲವು ರಬ್ಬರು ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾಗಬಹುದೆಂದು 2025ರಲ್ಲಿ ಪೆಟ್ರೋಲಿಯಂ ಇಲಾಖೆಯೇ ಒಪ್ಪಿಕೊಂಡಿತು. ಇಂತಹ ವಾಹನಗಳ ಪರೀಕ್ಷೆಗೆ ಹೆಸರಾದ, 1966ರಲ್ಲಿ ಸ್ಥಾಪಿತವಾದ ಎ.ಆರ್.ಎ.ಐ. ಸಂಸ್ಥೆಯು ನಮ್ಮ ಪುಣೆಯ ಕೋಥರೂಡ್ ಗುಡ್ಡದ ಮೇಲೆಯೇ ಇದೆ.

ಹಳೆಯ ಗಾಡಿಯ ಒಡೆಯರು ಗಾಬರಿಗೊಳ್ಳಬೇಕಾದುದಿಲ್ಲ, ಸುಮ್ಮನಿರಲೂ ಆಗದು. ರಬ್ಬರು ಕೊಳವೆಗಳನ್ನೂ ಪಂಪಿನ ಪಟಲವನ್ನೂ ಎಥನಾಲಿಗೆ ತಾಳುವ ಜಾತಿಯವುಗಳಿಗೆ ಒಮ್ಮೆ ಬದಲಿಸಿಬಿಡುವುದು ಉತ್ತಮ. ಬದಲಿಸಿದ ಸ್ವಲ್ಪ ಕಾಲದ ಮೇಲೆ ಫಿಲ್ಟರನ್ನು ಮತ್ತೊಮ್ಮೆ ನೋಡಬೇಕು.

ದುರಸ್ತಿಯೋ, ಬದಲಾವಣೆಯೋ?

‘ಪಂಪ್ ಗೇಲಾ, ಸಾಹೇಬ್!’ ಎಂದು ಗ್ಯಾರೇಜಿನವನು ಹೇಳಿದೊಡನೆ ಜೇಬಿಗೆ ಕೈಹಾಕುವ ಮುನ್ನ ಒಂದೆರಡು ಪ್ರಶ್ನೆಗಳನ್ನು ಕೇಳುವುದು ನಿಮ್ಮ ಹಕ್ಕು. ಬಾಟಲಿಯ ಪರೀಕ್ಷೆ ಮಾಡಿದಿರಾ? ಫಿಲ್ಟರು ನೋಡಿದಿರಾ? ಹಳೆಯ ಪಂಪನ್ನು ನನಗೆ ತೋರಿಸುವಿರಾ? ನಯವಾಗಿ ಕೇಳಿದರೆ ಸಜ್ಜನ ಮೇಸ್ತ್ರಿಯು ಬೇಸರಪಡುವುದಿಲ್ಲ; ಬದಲಾಗಿ ಬಿಚ್ಚಿ ತೋರಿಸುತ್ತಾನೆ. ನಮ್ಮ ಮರಾಠಿ ಅರೆಬರೆಯಾದರೂ ಪ್ರಶ್ನೆ ಸರಿಯಾಗಿದ್ದರೆ ಉತ್ತರವೂ ಸರಿಯಾಗಿಯೇ ಬರುತ್ತದೆ.

ತಿರುಪುಗಳಿಂದ ಬಿಗಿದ ಪಂಪಾದರೆ ಅದನ್ನು ಬಿಚ್ಚಿ, ಪಟಲ, ಕವಾಟ, ಸ್ಪ್ರಿಂಗುಗಳ ಕಿಟ್ಟನ್ನು ಹಾಕಿ ಮತ್ತೆ ಜೀವ ಕೊಡಬಹುದು. ಅಂಚುಗಳನ್ನು ಮಡಿಸಿ ಮುಚ್ಚಿದ ಪಂಪಾದರೆ ಬದಲಿಸುವುದೇ ದಾರಿ. ಬಿಡಿಭಾಗಗಳಿಗೆ ನಾನಾ ಪೇಠೆಯ ಅಂಗಡಿಗಳ ಸಾಲು ಪ್ರಸಿದ್ಧವಾದುದು. ಬುಧವಾರ, ಭಾನುವಾರಗಳಂದು ನೆರೆಯುವ ಜುನಾ ಬಜಾರಿನಲ್ಲಿಯೂ ಹಳೆಯ ಕಾರಿನ ಸಾಮಾನು ಸಿಗುವುದುಂಟು. ಆದರೆ ಅಲ್ಲಿ ಕೊಂಡ ಹಳೆಯ ಪಂಪನ್ನು ಪಟಲ ಬದಲಿಸದೆ ಹಾಕಕೂಡದು. ವರ್ಷಗಟ್ಟಲೆ ಒಣಗಿ ಬಿದ್ದ ರಬ್ಬರು ಪೆಟ್ರೋಲು ತಾಗಿದ ವಾರದಲ್ಲೇ ಹರಿದೀತು. ಗುರುತಿಲ್ಲದ ಅಗ್ಗದ ಮಾಲು ಘಟ್ಟದ ಮಧ್ಯದಲ್ಲಿ ತನ್ನ ಬೆಲೆಯನ್ನು ವಸೂಲು ಮಾಡಿಕೊಳ್ಳುತ್ತದೆ.

ಜೋಡಿಸುವಾಗ ಗಮನಿಸತಕ್ಕ ಸೂಕ್ಷ್ಮವೊಂದುಂಟು. ಪಂಪಿಗೂ ಎಂಜಿನಿಗೂ ನಡುವೆ ಗ್ಯಾಸ್ಕೆಟ್ಟುಗಳ ಜೊತೆಗೆ ಶಾಖವನ್ನು ತಡೆಯುವ ಒಂದು ದಪ್ಪ ತುಂಡು ಇರುತ್ತದೆ. ಅದು ಬರಿಯ ಮೆತ್ತೆಯಲ್ಲ. ಸನ್ನೆಯು ಎಷ್ಟು ದೂರ ಆಡಬೇಕೆಂಬುದನ್ನೂ ಅದೇ ಗೊತ್ತುಪಡಿಸುತ್ತದೆ. ಅದನ್ನು ಬಿಟ್ಟರೆ ಪಟಲವು ಅತಿಯಾಗಿ ಎಳೆಯಲ್ಪಟ್ಟು ಹರಿಯುತ್ತದೆ; ದಪ್ಪ ಹೆಚ್ಚಾದರೆ ಪಂಪು ಸಾಲದಾಗುತ್ತದೆ. ಬಿಚ್ಚಿದಾಗ ಇದ್ದ ದಪ್ಪವೇ ಮತ್ತೆ ಇರಬೇಕು.

ಹಳೆಯ ಪಂಪಿನ ಬದಲು ಹೊರಗೆ ವಿದ್ಯುತ್ ಪಂಪನ್ನು ಹಾಕಿಸುವವರೂ ಇದ್ದಾರೆ. ತಪ್ಪಲ್ಲ. ಆದರೆ ಅದು ಕಡಿಮೆ ಒತ್ತಡದ್ದೇ ಆಗಿರಬೇಕು. ಇಲ್ಲವಾದರೆ ಕಾರ್ಬ್ಯುರೇಟರು ಉಕ್ಕಿ ಹರಿಯುತ್ತದೆ. ಎಂಜಿನು ನಿಂತಾಗ ಪಂಪೂ ತಾನಾಗಿ ನಿಲ್ಲುವ ಏರ್ಪಾಡು ಇರಲೇಬೇಕು. ಅಪಘಾತವಾಗಿ ಗಾಡಿ ಮಗುಚಿದಾಗಲೂ ಪೆಟ್ರೋಲು ಸುರಿಯುವ ಪಂಪು ಶತ್ರುವೇ ಸರಿ.

ಹೊರಡುವ ಮುನ್ನ

ಹದಿನೈದು ವರ್ಷ ತುಂಬಿದ ಖಾಸಗಿ ಕಾರನ್ನು ಪರೀಕ್ಷೆಗೊಡ್ಡಿ, ನೋಂದಣಿಯನ್ನು ನವೀಕರಿಸಿಕೊಂಡು, ಐದೈದು ವರ್ಷದ ಮೇರೆಗೆ ಓಡಿಸಲು ಕಾಯಿದೆಯು ಅವಕಾಶ ಕೊಟ್ಟಿದೆ. ಅಧಿಕಾರಿಯ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಘಟ್ಟದ ಪರೀಕ್ಷೆ ಪ್ರತಿ ಪ್ರಯಾಣಕ್ಕೂ. ಊರಿಗೆ ಹೊರಡುವ ಒಂದು ವಾರ ಮೊದಲೇ ಫಿಲ್ಟರು, ಕೊಳವೆ, ಕ್ಲಿಪ್ಪುಗಳನ್ನು ನೋಡಿಸಿರಿ. ಎಣ್ಣೆಯ ಕಡ್ಡಿಯನ್ನು ಎಳೆದು ಮೂಸಿರಿ. ಸಿಂಹಗಡದ ರಸ್ತೆಯಲ್ಲಿಯೋ ಬೇರೆ ಯಾವುದಾದರೂ ಏರಿನಲ್ಲಿಯೋ ಒಮ್ಮೆ ಓಡಿಸಿ ಪರೀಕ್ಷಿಸಿರಿ. ಗಾಡಿಯಲ್ಲಿ ಒಂದು ಗಜ ಪೆಟ್ರೋಲು ಕೊಳವೆ, ನಾಲ್ಕು ಕ್ಲಿಪ್ಪು, ಕೆಲವು ಫ್ಯೂಸು, ಸ್ಕ್ರೂಡ್ರೈವರು, ಟಾರ್ಚು, ಕೆಂಪು ತ್ರಿಕೋನ, ಬೆಂಕಿ ನಂದಿಸುವ ಸಣ್ಣ ಸಿಲಿಂಡರು, ಎರಡು ಬಾಟಲಿ ನೀರು ಇರಲಿ. ಮೇ ತಿಂಗಳಾದರೆ ಬೆಳಗಿನ ನಾಲ್ಕಕ್ಕೇ ಹೊರಟು, ಬಿಸಿಲೇರುವ ಮೊದಲೇ ಖಂಬಾಟಕಿಯನ್ನು ದಾಟಿಬಿಡಿರಿ. ಇಡ್ಲಿಯ ಹಿಟ್ಟಿಗಾಗಿ ಮೂರಕ್ಕೇ ಏಳುವ ನಮ್ಮ ಹೋಟೆಲ್ ಬಂಧುಗಳಿಗೆ ಇದೇನೂ ಹೊಸ ಅಭ್ಯಾಸವಲ್ಲ.

ಹಳೆಯ ಗಾಡಿಯನ್ನು ಇಟ್ಟುಕೊಳ್ಳುವುದು ಬಡತನದ ಲಕ್ಷಣವಲ್ಲ. ಅದನ್ನು ಅಲಕ್ಷಿಸುವುದು ಮಾತ್ರ ಅಪಾಯದ ಲಕ್ಷಣ. ಊರಿನಲ್ಲಿ ಹಿರಿಯರು ದಾರಿ ನೋಡುತ್ತಿರುತ್ತಾರೆ. ಅವರಿಗೆ ತಲುಪಬೇಕಾದುದು ಮನೆಯವರೇ ಹೊರತು ಕೆಟ್ಟ ಸುದ್ದಿಯಲ್ಲ. ಅಂಗೈಯಗಲದ ಪಂ‍ಪಿಗೆ ವರ್ಷಕ್ಕೊಂದು ಗಂಟೆಯ ಆರೈಕೆ ಕೊಟ್ಟರೆ ಅಷ್ಟನ್ನು ಅದು ನಡೆಸಿಕೊಟ್ಟೀತು.